ಅತ್ತಿಗೆಯ ಕಾಲು, ನನ್ನ ಸೊಂಟ

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಬೆನ್ನಿಗೆ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ದೇವನೂರಿನ ಹತ್ತಿರದ ನಮ್ಮ ಮನೆಗೆ ಅಜ್ಜಂಪುರದಿಂದಲೂ ಜನ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಹೊಸ್ತಿಲ ಕಡೆ ಮುಖ ಮಾಡಿ ಬಗ್ಗಬೇಕು, ಒದೆ ತಿಂದು ತಿರುಗಿ ನೋಡದೆ ಹೋಗಬೇಕು.

ನನಗೂ ಸೊಂಟ ಹಿಡಿಯಿತು. ಎಡಗಾಲಿನ ಹಿಂಬದಿಯಲ್ಲಿ ಪಾದದ ತನಕ ಸೆಳೆತ. ಅತ್ತಿಗೆ ಒದ್ದರು. ಹೋಗಲಿಲ್ಲ. ಮತ್ತೆ ಒದ್ದರು. ನೋವು ಅಲ್ಲೇ ಇತ್ತು. ಅವರ ಮುಖ ಮಾತ್ರ ಬದಲಾಯಿತು.

ನೋವಿನ ನಡವಳಿಕೆಯೂ ಅನುಮಾನ ಹುಟ್ಟಿಸುವಂಥದ್ದೇ. ತೋಟಕ್ಕೆ ನಡೆದರೆ ಕಾಲು ಜೋಮು. ಜಗಲಿಯ ಮೇಲೆ ಮುಂದಕ್ಕೆ ಬಾಗಿ ಕೂತರೆ ಏನೂ ಇಲ್ಲ. ಅದೂ ಮನೆಯವರೆಲ್ಲ ತೆಂಗಿನಕಾಯಿ ಸುಲಿಯುವ ಹೊತ್ತಿನಲ್ಲಿ.

“ಕೆಲ್ಸಕ್ಕೆ ಎದ್ರೆ ನೋವು, ಊಟಕ್ಕೆ ಕೂತ್ರೆ ಮಾಯ! ಬಲು ಬುದ್ವಂತ ಕಾಯ್ಲೆ ಕಣಪ್ಪ ನಿಂದು,” ಅಂದರು ಅತ್ತಿಗೆ.

“ನಿಮ್ ಕಾಲು ಸೋತಿದ್ದಕ್ಕೆ ನನ್ನ ಕಳ್ಳನ್ನ ಮಾಡ್ತೀರಾ?” ಅಂದುಬಿಟ್ಟೆ.

ಆಮೇಲೆ ಅವರು ಕಿಟಕಿಯಿಂದ ನನ್ನ ನಡಿಗೆ ಗಮನಿಸುವುದು, ಅವರ ಒದೆಯೇ ಏನಾದರೂ ಕೆಡಿಸಿತೇ ಎಂದು ನಾನು ಒಳಗೊಳಗೇ ಅಂದುಕೊಳ್ಳುವುದು. ತರೀಕೆರೆಯ ಡಾಕ್ಟರು ಬರೆದುಕೊಟ್ಟ ಸ್ಕ್ಯಾನ್ ಮಾಡಿಸಿ, ಅದನ್ನು ಅವರಿಗೆ ತೋರಿಸಲು ಹೊರಟಾಗ ಅವರೂ ಬಸ್ಸು ಹತ್ತಿದರು. ಜೊತೆಗೆಂದಲ್ಲ, ಕಾವಲಿಗೆ.

ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದರು. ಬೆನ್ನುಮೂಳೆಯ ಕೀಲೊಂದು ಸವೆದು, ಅಲ್ಲಿ ನೀರು ತುಂಬಿದ ಪುಟ್ಟ ಗುಳ್ಳೆಯೊಂದು ಒಳಕ್ಕೆ ಉಬ್ಬಿ, ಕಾಲಿಗಿಳಿಯುವ ನರವನ್ನು ಅದುಮುತ್ತಿತ್ತು. ಸಿಸ್ಟ್ ಅಂದರು. ಬಾಗಿ ಕೂತರೆ ನರಕ್ಕೆ ಜಾಗ ಸಿಗುತ್ತದಂತೆ, ನೆಟ್ಟಗೆ ನಿಂತರೆ ಒತ್ತುತ್ತದಂತೆ. ಮೊದಲು ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆಪರೇಷನ್.

ಗೆದ್ದವನ ಹಾಗೆ ಅತ್ತಿಗೆಯ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ.

“ಡಾಕ್ಟ್ರೇ, ನಾನು ಇವನ ಬೆನ್ನಿಗೆ ಒದ್ದಿದ್ದೆ. ಅದ್ರಿಂದ ಬಂತಾ?”

“ಇಲ್ಲಮ್ಮ, ಇದು ವರ್ಷಗಟ್ಟಲೆ ಕೀಲು ಸವೆದು ಬರೋದು. ಆದ್ರೆ ಇನ್ಮೇಲೆ ಒದೀಬೇಡಿ.”

ವಾಪಸಾಗುತ್ತ ಕಡೂರಿನಲ್ಲಿ ಊರಿನ ಬಸ್ಸಿಗೆ ಕಾಯುವಾಗ ಅತ್ತಿಗೆ ಯಾರನ್ನೋ ಗದರಿ ಎಬ್ಬಿಸಿ ನನಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

“ನಿಜ ಹೇಳು. ನಂಗೆ ಬೇಜಾರಾಗ್ಬಾರ್ದು ಅಂತ ಡಾಕ್ಟ್ರು ಇಲ್ಲ ಅಂದ್ರಾ?”

“ಅಯ್ಯೋ, ಇಲ್ಲ ಅತ್ತಿಗೆ.”

“ನೀನೇ ಹೇಳ್ಕೊಟ್ಟಿದ್ಯೇನೋ, ಯಾವನಿಗ್ ಗೊತ್ತು.” ಬಸ್ಸು ಬರುವ ದಾರಿ ನೋಡಿ ಮತ್ತೆ ನನ್ನ ಕಡೆ ತಿರುಗಿದರು. “ಮೊನ್ನೆ ಅಜ್ಜಂಪುರದಿಂದ ಬಂದಿದ್ದೋನೂ ಕಾಲು ಸೆಳೀತದೆ ಅಂದಿದ್ದ. ಅವನಿಗೂ ಒದ್ದೆ ಕಣೋ. ಅವನ ನಂಬರ್ ಐತಾ ನಿನ್ ತಾವ?”

ಇತ್ತು. ಫೋನಿನಲ್ಲಿ ಒತ್ತಿ ಕೊಟ್ಟೆ. ಅವನು ಹಲೋ ಅನ್ನುವುದಕ್ಕೂ ಬಿಡದೆ ಅತ್ತಿಗೆ, “ಏನಪ್ಪಾ, ಕಾಲು ಹೆಂಗೈತೆ? ಸುಳ್ಳು ಹೇಳ್ಬೇಡ,” ಅಂದರು.