ಬೇಲಿಯ ಮೇಲೆ ಹಾರಿದ ವಿಲ್ಫ್ರೆಡ್

ನಮ್ಮ ವಿಲ್ಫ್ರೆಡ್ ಬಸ್ ಓಡಿಸೋದು ಬಿಟ್ಟಮೇಲೆ ಇಂಗ್ಲೆಂಡಿನ ಲಿಂಕನ್‌ಶೈರಿನ ವಿಮಾನ ನಿಲ್ದಾಣಗಳ ಬೇಲಿಗೇ ಅಂಟಿಕೊಂಡ. ಸೇನೆಯದೋ, ಪ್ರಯಾಣಿಕರದೋ, ವಿಮಾನ ಕಂಡರೆ ಸಾಕು, ಏಣಿ ಹತ್ತಿ ಕ್ಯಾಮೆರಾ ಹಿಡಿಯುತ್ತಿದ್ದ. ಬೇಲಿಯ ಬಳಿ ಹೀಗೆ ವಿಮಾನದ ಫೋಟೊ ಹೊಡೆಯುವ ನಮ್ಮ ಗುಂಪಿಗೆ ಒಂದೇ ಕಟ್ಟಳೆ: ಒಮ್ಮೆ ಫೋಟೊದಲ್ಲಿ ಸೆರೆಸಿಕ್ಕ ವಿಮಾನಕ್ಕೆ ಮತ್ತೆ ಕ್ಯಾಮೆರಾ ಎತ್ತುವಂತಿಲ್ಲ.

ಕೊನೆಗೆ ಹೆಂಡತಿ ಎಡ್ನಾ ಅವನನ್ನು ಮೊದಲ ಸಲ ವಿಮಾನ ಹತ್ತಿಸಿದಳು. "ನೋಡ್ತಿರು, ನಮ್ಮ ಹುಡುಗರೆಲ್ಲ ಫೋಟೊ ಹೊಡೀತಾರೆ" ಎಂದು ತಲೆ ಬಾಚಿಕೊಂಡು ಕಿಟಕಿಗೆ ಮೂಗೊತ್ತಿ ಕೂತ.

ವಿಮಾನ ಬೇಲಿ ದಾಟಿತು. ಕೆಳಗೆ ನಾವೆಲ್ಲ ಏಣಿಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಒಬ್ಬನೂ ತಲೆ ಎತ್ತಲಿಲ್ಲ.

"ಏನ್ರೀ, ಇವರೇನಾ ನಿಮ್ಮ ಹುಡುಗರು?" ಎಂದು ಎಡ್ನಾ ಕೆಣಕಿದಳಂತೆ.

"ಅವರದೇನು ತಪ್ಪು ಬಿಡೇ. ಈ ವಿಮಾನದ ಫೋಟೊ ಎಲ್ಲರ ಹತ್ರಾನೂ ಇದೆ. ನಾನಾಗಿದ್ರೂ ಕಪ್ ಕೆಳಗಿಡ್ತಿರಲಿಲ್ಲ."