ಅಟ್ರಾಕ್ಟಾ ಫೀಹಿಲಿ ಕೈ ಕುಲುಕಿದ್ದು

ಕಿಲ್‌ಬ್ರಾನಿನಲ್ಲಿ ಯಾವ ವಾಹನವನ್ನಾದರೂ ನಿಲ್ಲಿಸುವ ಅಧಿಕಾರ ಇದ್ದದ್ದು ಪೊಲೀಸರಿಗೆ ಮತ್ತು ಅಟ್ರಾಕ್ಟಾ ಫೀಹಿಲಿಗೆ. ಪೊಲೀಸರು ಕೈ ತೋರಿಸಿದರೆ ಕೆಲವರು ನಿಲ್ಲುತ್ತಿರಲಿಲ್ಲ. ಅಟ್ರಾಕ್ಟಾ ಕಾನ್ವೆಂಟ್ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವಳು. ಹಳದಿ ಕೋಟು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ 'ನಿಲ್ಲಿ' ಎಂದು ಬರೆದ ದುಂಡು ಫಲಕ. ಒಮ್ಮೆ ಬಿಷಪ್ಪರ ಕಾರನ್ನು ಹಿಡಿದು ನಿಲ್ಲಿಸಿ, ಒಂದು ಮಗು ನಡುರಸ್ತೆಯಲ್ಲಿ ಕೂತು ಶೂ ದಾರ ಕಟ್ಟಿಕೊಂಡು ಏಳುವತನಕ ಬಿಟ್ಟಿರಲಿಲ್ಲ. ಬಿಷಪ್ಪರು ಗಾಜು ಇಳಿಸಿ ತಡವಾಗುತ್ತಿದೆ ಎಂದಾಗ, "ಸ್ವರ್ಗಕ್ಕಾ, ಸ್ವಾಮಿ?" ಎಂದು ಕೇಳಿದ್ದಳು.

ಅವಳ ಇನ್ನೊಂದು ಆಸಕ್ತಿ ಊರಿನ ಫುಟ್‌ಬಾಲ್ ಕ್ಲಬ್ಬು ಕಿಲ್‌ಬ್ರಾನ್ ರೋವರ್ಸ್. ಶುಕ್ರವಾರದ ಪಂದ್ಯಗಳಿಗೆ ಅವಳು ಕೂರುತ್ತಿದ್ದದ್ದು ತರಬೇತುದಾರನ ಬೆನ್ನಿಗೇ. ತರಬೇತುದಾರರು ಬದಲಾಗುತ್ತಿದ್ದರು, ಬೆನ್ನಿಗೆ ಬೀಳುವ ಮಾತು ಬದಲಾಗುತ್ತಿರಲಿಲ್ಲ. ನಮ್ಮ ಕ್ಲಬ್ಬಿನ ಚರಿತ್ರೆಯಲ್ಲಿ ಗೋಲಿಗಿಂತ ಗೋಳೇ ಹೆಚ್ಚು. ಯೂರೋಪಿನ ಸ್ಪರ್ಧೆಗೆ ಒಮ್ಮೆಯೂ ಹೋದದ್ದಿಲ್ಲ. ಅಟ್ರಾಕ್ಟಾಳ ಗಂಡ ಲಾರ್ಕನ್ ಬದುಕಿದ್ದಾಗ ಒಂದು ವರ್ಷ ಹೋಗಿಯೇ ಬಿಟ್ಟೆವು ಎನ್ನುವಷ್ಟು ಹತ್ತಿರ ಬಂದಿದ್ದೆವು. ಗಂಡಹೆಂಡತಿ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದರು. ಕೊನೆಯ ಪಂದ್ಯದಲ್ಲಿ ಸೋತೆವು. ಲಾರ್ಕನ್ ಆ ಪಾಸ್‌ಪೋರ್ಟನ್ನು ಒಮ್ಮೆಯೂ ಬಳಸದೆ ತೀರಿಕೊಂಡ. ಅವನು ಹೋದ ಕಡೆ ಅದನ್ನು ಯಾರೂ ಕೇಳುವುದಿಲ್ಲ. ಅಟ್ರಾಕ್ಟಾ ಮಾತ್ರ ತನ್ನದನ್ನು ನವೀಕರಿಸುತ್ತಲೇ ಇದ್ದಳು.

ಕ್ಲಬ್ಬಿನ ಒಡೆಯ ಕಾರ್ಮಕ್ ಡರ್ಕಿನ್. ಕಿಟಕಿ ಬಾಗಿಲುಗಳ ವ್ಯಾಪಾರದಲ್ಲಿ ಹಣ ಮಾಡಿದವನು. ಚಿಕ್ಕವನಿದ್ದಾಗ ಅಟ್ರಾಕ್ಟಾಳೇ ಅವನನ್ನು ರಸ್ತೆ ದಾಟಿಸಿದ್ದಳು. ಕ್ಲಬ್ಬು ಬಾಗಿಲು ಮುಚ್ಚುವ ಹೊತ್ತಿಗೆ ಬಾಗಿಲು ಮಾರುವವನೇ ಬಂದು ಕೊಂಡದ್ದು ನಮ್ಮ ಪುಣ್ಯ. ಆಮೇಲೆ ಬೆಲ್ಜಿಯಂಗೆ ಕಿಟಕಿ ಮಾರಲು ಹೋದವನು ಬರುವಾಗ ಅಲ್ಲೊಂದು ಕ್ಲಬ್ಬು ಕೊಂಡು ಬಂದ. ಉಳಿದವರು ಚಾಕೊಲೇಟ್ ತರುತ್ತಾರೆ.

ಆ ವರ್ಷ ನವೆಂಬರಿನಲ್ಲಿ ಲೀಗು ಮುಗಿದಾಗ ನಾವು ನಾಲ್ಕನೆಯವರಾಗಿ ಮುಂದಿನ ಜುಲೈನ ಯೂರೋಪಿನ ಮೂರನೇ ದರ್ಜೆಯ ಸ್ಪರ್ಧೆಗೆ ಅರ್ಹರಾದೆವು. ಊರು ಕುಣಿಯಿತು. ಕುಣಿತ ಮುಗಿಯುವ ಹೊತ್ತಿಗೆ ಬೆಲ್ಜಿಯಂನ ಕ್ಲಬ್ಬೂ ಅದೇ ಸ್ಪರ್ಧೆಯ ದಾರಿ ಹಿಡಿದಿದೆ ಎಂಬ ಸುದ್ದಿ ಬಂತು. ಯೂರೋಪಿನ ಒಕ್ಕೂಟದ ನಿಯಮ ಸರಳವಾದದ್ದು: ಒಂದೇ ಕೈಯ ಹಿಡಿತದಲ್ಲಿರುವ ಎರಡು ಕ್ಲಬ್ಬುಗಳು ಒಂದೇ ಸ್ಪರ್ಧೆಯಲ್ಲಿ ಆಡುವಂತಿಲ್ಲ. ಆಡಿದರೆ ಯಾರು ಯಾರಿಗೆ ಬೇಕೆಂದೇ ಸೋತರೆಂದು ಹೇಳುವುದು ಹೇಗೆ? ಆದ್ದರಿಂದ ತಂತಮ್ಮ ಲೀಗಿನಲ್ಲಿ ಮೇಲಿನ ಸ್ಥಾನ ಪಡೆದದ್ದು ಒಳಗೆ, ಇನ್ನೊಂದು ಹೊರಗೆ. ಬೆಲ್ಜಿಯಂನವರು ಅಲ್ಲಿ ಮೂರನೆಯವರು. ನಾವು ಹೊರಗೆ ಬಿದ್ದರೆ ನಮ್ಮ ಜಾಗ ಐದನೆಯ ಸ್ಥಾನದ ಡ್ರಮ್‌ಕೀಲ್‌ಗೆ. ಡ್ರಮ್‌ಕೀಲ್ ನಮ್ಮ ಪಕ್ಕದೂರು. ಯೂರೋಪಿಗೆ ಯಾರು ಹೋದರೂ ಸರಿ, ಅವರು ಹೋಗಬಾರದು.

ಪಾರಾಗುವ ದಾರಿ ಒಂದಿತ್ತು. ಮಾರ್ಚ್ ಒಂದರೊಳಗೆ ಕಾರ್ಮಕ್ ನಮ್ಮ ಕ್ಲಬ್ಬಿನ ಷೇರುಗಳನ್ನು ತನ್ನ ಮಾತು ನಡೆಯದಂಥ ಒಬ್ಬರ ವಶಕ್ಕೆ ಕೊಡಬೇಕು. ಸ್ಪರ್ಧೆ ಮುಗಿಯುವತನಕ ಅವರದೇ ಆಡಳಿತ. ಡಬ್ಲಿನ್ನಿನ ವಕೀಲರು ಡಬ್ಲಿನ್ನಿನದೇ ಒಂದು ಸಂಸ್ಥೆಯನ್ನು ಸೂಚಿಸಿದರು. ಡಬ್ಲಿನ್ನಿಗೆ ಹೋದದ್ದು ಹಿಂದಿರುಗಿ ಬಂದದ್ದನ್ನು ಕಾರ್ಮಕ್ ಕಂಡಿರಲಿಲ್ಲ. ಅವನು ಪಾದ್ರಿ ಮ್ಯಾಲಕಿಯವರನ್ನು ಕೇಳಿದ.

"ನನ್ ಮಾತು ಒಂದ್ಸಲಾನೂ ಕೇಳದೆ ಇರೋರು ಬೇಕು, ಫಾದರ್."

"ನಿನ್ ಹೆಂಡ್ತಿ?"

"ಮನೆಯವ್ರು ಆಗಲ್ವಂತೆ."

"ಹಾಗಿದ್ರೆ ಊರಲ್ಲಿ ಇರೋದು ಒಬ್ಳೇ ಕಣಪ್ಪ," ಎಂದರು ಫಾದರ್. ಇಬ್ಬರೂ ಕಿಟಕಿಯ ಆಚೆ ನೋಡಿದರು. ಆಚೆ ಒಂದು ಸಿಮೆಂಟ್ ಲಾರಿ ನಿಂತಿತ್ತು.

ಸಹಿ ಹಾಕಿಸಿಕೊಳ್ಳಲು ಡಬ್ಲಿನ್ನಿನಿಂದ ಬಂದ ವಕೀಲ ಎಳೆಯ ಹುಡುಗ. ಅಟ್ರಾಕ್ಟಾಳ ಅಡುಗೆಮನೆಯಲ್ಲಿ ಕೂತು ಷರತ್ತು ವಿವರಿಸಿದ. ಕಾರ್ಮಕ್ ಜೊತೆ ಭೇಟಿ ಇಲ್ಲ, ಫೋನಿಲ್ಲ, ಸಂದೇಶವಿಲ್ಲ, ಅವನ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

"ಸತ್ರೆ?" ಎಂದು ಕೇಳಿದಳು ಅಟ್ರಾಕ್ಟಾ.

"ಯಾರು?"

"ಯಾರಾದ್ರೂ."

ಡಬ್ಲಿನ್ನಿನ ಹುಡುಗ ಇದನ್ನು ತಮಾಷೆ ಎಂದುಕೊಂಡು ನಕ್ಕ. ಅಟ್ರಾಕ್ಟಾ ನಗಲಿಲ್ಲ. ಅವನಿಗೆ ಇನ್ನೊಂದು ತುಂಡು ಸೋಡಾ ಬ್ರೆಡ್ ಕೊಟ್ಟು ಸಹಿ ಹಾಕಿದಳು.

ಅಂದಿನಿಂದ ಅವಳು ನಿಯಮವನ್ನು ರಸ್ತೆಯ ನಿಯಮದಂತೆಯೇ ಪಾಲಿಸಿದಳು. ಕಾರ್ಮಕ್‌ನ ಕಾರು ಶಾಲೆಯ ಬಳಿ ಬಂದರೆ ಫಲಕ ಎತ್ತಿ ನಿಲ್ಲಿಸಿ, ಮುಖ ಮಾತ್ರ ಚರ್ಚಿನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಅವನ ನಾಯಿ ಬಾಲವಾಡಿಸಿಕೊಂಡು ಬಂದರೆ ಅದನ್ನೂ ಮಾತಾಡಿಸುತ್ತಿರಲಿಲ್ಲ. ಆ ನಡುವೆ ಬೆಲ್ಜಿಯಂನ ಕ್ಲಬ್ಬು ನಮ್ಮ ಲೆಫ್ಟ್ ಬ್ಯಾಕ್ ಆಟಗಾರ ಓಷಿನ್ ಲೀಡನ್ ತನಗೆ ಬೇಕೆಂದಿತು. ಅಲ್ಲಿನ ಕ್ಲಬ್ಬಿನ ಒಡೆಯನಾಗಿ ಕಾರ್ಮಕ್‌ಗೆ ಅವನು ಬೇಕು. ಇಲ್ಲಿಯ ಒಡೆಯನಾಗಿದ್ದರೆ ತಾನೇ ತನಗೆ ಕೊಟ್ಟುಕೊಳ್ಳುತ್ತಿದ್ದ. ಈಗ ಇಲ್ಲಿಯ ಒಡತಿ ಅಟ್ರಾಕ್ಟಾ. ಅವಳು ಕೊಡುವುದಿಲ್ಲ ಎಂದಳು. ಫಾದರ್ ಮ್ಯಾಲಕಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವಳ ಬಳಿ ಬಂದು ಹವಾಮಾನದಿಂದ ಶುರು ಮಾಡಿ ಮೆಲ್ಲಗೆ ಬೆಲ್ಜಿಯಂ ಕಡೆಗೆ ಹೊರಳಿದರು.

"ಫಾದರ್, ನೀವು ದೇವರ ಮಾತು ತಂದ್ರೆ ಕೇಳ್ತೀನಿ. ಕಾರ್ಮಕ್‌ದು ತರ್ಬೇಡಿ."

"ನಾನೇನೂ ತರ್ಲಿಲ್ವಲ್ಲ."

"ಹಾಗಾದ್ರೆ ಬೆಲ್ಜಿಯಂನಲ್ಲಿ ಮಳೆ ಬಂದ್ರೆ ನಿಮ್ಗೇನು?"

ಮೇ ತಿಂಗಳಲ್ಲಿ ಕಾರ್ಮಕ್‌ನ ತಾಯಿ ವಿನಿ ಡರ್ಕಿನ್ ತೀರಿಕೊಂಡಳು. ನಿಯಮ ಇದ್ದ ಕಡೆ ಯಮನೂ ಇರುತ್ತಾನೆ ಎಂಬುದು ಡಬ್ಲಿನ್ನಿನ ಹುಡುಗನಿಗೆ ಹೊಳೆದಿರಲಿಲ್ಲ.

ಸಾವಿನ ಮನೆಗೆ ಹೋಗುವುದು ನಮ್ಮಲ್ಲಿ ಇಷ್ಟಾನಿಷ್ಟದ ಮಾತಲ್ಲ. ತೀರಿಕೊಂಡವರನ್ನು ಮಲಗಿಸಿದ ಕೋಣೆಯಲ್ಲಿ ಮನೆಯವರು ಸಾಲಾಗಿ ನಿಲ್ಲುತ್ತಾರೆ. ಊರಿಗೆ ಊರೇ ಒಬ್ಬೊಬ್ಬರಾಗಿ ಅವರ ಕೈ ಕುಲುಕಿ, "ನಿಮ್ಗೆ ಬಂದ ಕಷ್ಟಕ್ಕೆ ಬೇಜಾರಾಯ್ತು" ಎನ್ನುತ್ತದೆ. ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳುವುದಿಲ್ಲ, ಕಡಿಮೆ ಹೇಳುವುದೂ ಇಲ್ಲ. ಸತ್ತವರ ಜೊತೆ ಮೂವತ್ತು ವರ್ಷ ವ್ಯಾಜ್ಯ ನಡೆಸಿದವರೂ ಬರುತ್ತಾರೆ. ಪೆನಾಲ್ಟಿ ಹೊರಗೆ ಒದ್ದವನನ್ನು ಕಿಲ್‌ಬ್ರಾನ್ ಕ್ಷಮಿಸಿದೆ, ಕೈ ಕುಲುಕದೆ ಹೋದವನನ್ನು ಕ್ಷಮಿಸಿದ ದಾಖಲೆ ಇಲ್ಲ. ಹೋಗಲಿ ಎಂದರೆ ವಿನಿ ಬೇರೆ ಅಟ್ರಾಕ್ಟಾಳ ಇಸ್ಪೀಟಿನ ಜೋಡಿ. ಗುರುವಾರ ಗುರುವಾರ ಇಬ್ಬರೂ ಸೇರಿ ಉಳಿದವರನ್ನು ಸೋಲಿಸುತ್ತಿದ್ದರು.

ಅಟ್ರಾಕ್ಟಾ ಫಾದರ್ ಬಳಿ ಹೋದಳು.

"ಹೋದ್ರೆ ಯೂರೋಪ್ ಹೋಗುತ್ತೆ. ಹೋಗ್ದಿದ್ರೆ ವಿನಿ ಏನಂದ್ಕೋತಾಳೆ?"

"ಅವಳಿಗೀಗ ಎಲ್ಲಾ ಗೊತ್ತಾಗುತ್ತಮ್ಮ."

"ಅದೇ ಭಯ."

"ಕೈ ಕುಲುಕದೆ, ಹಾಗೇ ನಿಂತು ನೋಡ್ಕೊಂಡು ಬರೋಕಾಗಲ್ವಾ?"

ಫಾದರ್ ಮ್ಯಾಲಕಿ ನಮ್ಮೂರಿನವರಲ್ಲ, ದೂರದ ಕಾರ್ಕ್ ಕಡೆಯವರು. ಅದಕ್ಕೇ ಇರಬೇಕು ಎಂದುಕೊಂಡು ಅಟ್ರಾಕ್ಟಾ ಎದ್ದಳು.

ಸಾಲು ಬೀದಿಯವರೆಗೂ ಇತ್ತು. ಅಟ್ರಾಕ್ಟಾ ಕಪ್ಪು ಕೋಟು ಹಾಕಿಕೊಂಡು ಬಂದಳು. ಹಳದಿ ಕೋಟಿಲ್ಲದ ಅವಳನ್ನು ಗುರುತಿಸದೆ ಎರಡು ಕಾರುಗಳು ನಿಲ್ಲದೆ ಹೋದವು. ಅವಳ ಹಿಂದೆಯೇ ಬಂದು ನಿಂತವನು ಡ್ರಮ್‌ಕೀಲ್ ಕ್ಲಬ್ಬಿನ ಅಧ್ಯಕ್ಷ ಫಿಂಟನ್ ಟ್ಯಾಫ್. ಡರ್ಕಿನ್ ಮನೆತನವನ್ನು ಕಂಡರೆ ಅವನಿಗಾಗದು. ಅದಕ್ಕೂ ಸಾವಿಗೂ ಸಂಬಂಧವಿಲ್ಲ. ನಾನಿದ್ದದ್ದು ಸಾಲಿನಲ್ಲಿ ತೀರ ಹಿಂದೆ. ಅಟ್ರಾಕ್ಟಾ ಕಾರ್ಮಕ್‌ನ ಕೈ ಹಿಡಿದದ್ದು, ಅವನು ಬಗ್ಗಿ ಏನೋ ಅಂದದ್ದು, ಇವಳು ಏನೋ ಅಂದದ್ದು ಕಾಣಿಸಿತು, ಕೇಳಿಸಲಿಲ್ಲ. ಕೇಳಿಸಿದ್ದು ಫಿಂಟನ್‌ಗೆ ಮಾತ್ರ.

ಅವನು ಊರಿಗೆ ಹೋಗಿ ಪಬ್ಬಿನಲ್ಲಿ, "ಸಾಲಲ್ಲಿ ಅಟ್ರಾಕ್ಟಾ ನನ್ ಮುಂದೇನೇ ಇದ್ಳು, ಕಾರ್ಮಕ್ ಹತ್ರ ಮಾತಾಡಿದ್ಳು" ಎಂದುಬಿಟ್ಟ. ಅವನ ಮನಸ್ಸಿನಲ್ಲಿ ಅದು ಸಾವಿನ ಸುದ್ದಿ. ಅವನ ಕಮಿಟಿಯವರ ಕಿವಿಗೆ ಅದು ಯೂರೋಪಿನ ಸುದ್ದಿ. ಮರುದಿನವೇ ಸ್ವಿಟ್ಜರ್ಲೆಂಡಿನಲ್ಲಿರುವ ಒಕ್ಕೂಟದ ಕಚೇರಿಗೆ ದೂರು ಹೋಯಿತು: ಷೇರು ಹಿಡಿದವಳೂ ಹಳೆಯ ಒಡೆಯನೂ ಭೇಟಿಯಾಗಿ ಮಾತಾಡಿದ್ದಾರೆ, ಸಾಕ್ಷಿ ನಮ್ಮ ಅಧ್ಯಕ್ಷರು.

ವಿಚಾರಣೆ ಜೂನ್‌ನಲ್ಲಿ, ವೀಡಿಯೊ ಮೂಲಕ. ಕಿಲ್‌ಬ್ರಾನಿನ ಹೋಟೆಲಿನ ಮದುವೆ ಹಾಲಿನಲ್ಲಿ ದೊಡ್ಡ ಪರದೆ ಹಾಕಿದ್ದರು. ಪರದೆಯ ಮೇಲೆ ಸ್ವಿಟ್ಜರ್ಲೆಂಡಿನ ಮೂವರು. ಹಾಲಿನಲ್ಲಿ ಒಂದು ಕಡೆ ಅಟ್ರಾಕ್ಟಾ, ಒಂದು ಕಡೆ ಕಾರ್ಮಕ್, ನಡುವೆ ಫಿಂಟನ್, ಗೋಡೆಯುದ್ದಕ್ಕೂ ನಾವು. ಮೂವರಲ್ಲಿ ನಡುವೆ ಕೂತಿದ್ದ ಹೆಂಗಸು ಪ್ರಶ್ನೆ ಕೇಳಿದಳು.

"ಶ್ರೀಮತಿ ಫೀಹಿಲಿ, ನೀವು ಅಲ್ಲಿಗೆ ಯಾಕೆ ಹೋದ್ರಿ?"

"ವಿನಿ ತೀರ್ಕೊಂಡಿದ್ಳು."

"ಭೇಟಿ ಮಾಡೋದಿಲ್ಲ ಅಂತ ಸಹಿ ಹಾಕಿದ್ರಿ."

"ನಾನು ಹಾಕಿದ್ದೆ. ವಿನಿ ಹಾಕಿರ್ಲಿಲ್ಲ."

"ಹೂವು ಕಳಿಸಿದ್ರೆ ಸಾಕಾಗ್ತಿರ್ಲಿಲ್ವಾ?"

"ಹೂವು ಕಳ್ಸೋದು ದೂರದಲ್ಲಿರೋರು. ನಮ್ಮನೆ ಎದುರುಗಡೇನೇ ಇದೆ."

ಪರದೆಯ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡಳು. "ಶ್ರೀ ಡರ್ಕಿನ್ ನಿಮ್ಗೆ ಏನು ಹೇಳಿದ್ರು?"

ಅಟ್ರಾಕ್ಟಾ ಪರದೆಯಿಂದ ಮುಖ ತಿರುಗಿಸಿಕೊಂಡಳು. ಕಾರ್ಮಕ್ ಟೈ ಸರಿಮಾಡಿಕೊಂಡ.

"ಹೇಳ್ದೆ ಇದ್ರೆ ನಿಮ್ ಕ್ಲಬ್ಬಿಗೆ ಒಳ್ಳೇದಾಗಲ್ಲ," ಎಂದಳು ಪರದೆಯ ಹೆಂಗಸು.

"ಅಮ್ಮನ್ನ ಕಳ್ಕೊಂಡ ದಿನ ಮನುಷ್ಯ ಏನೇನೋ ಅಂತಾನೆ. ಅದನ್ನ ನಾನು ಪರದೆ ಮೇಲೆ ಹೇಳೋದಿಲ್ಲ. ನೀವು ನಮ್ಮನ್ನ ಹೊರಗಿಡ್ಬೇಕು ಅಂದ್ರೆ ಇಟ್ಬಿಡಿ."

ಯೂರೋಪು ಹೊರಟು ನಿಂತು ಬಾಗಿಲ ಬಳಿ ಟೋಪಿ ಹಾಕಿಕೊಳ್ಳುತ್ತಿತ್ತು. ಅಟ್ರಾಕ್ಟಾಳ ಕೈಚೀಲದಲ್ಲಿ ಪಾಸ್‌ಪೋರ್ಟ್ ಇತ್ತು ಎಂದು ನನಗೆ ಗೊತ್ತು. ಗುರುತಿನ ದಾಖಲೆ ತರಬೇಕೆಂದು ವಕೀಲ ಹೇಳಿದ್ದ. ಅವಳು ಚೀಲವನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

ಆಗ ಫಿಂಟನ್ ಟ್ಯಾಫ್‌ನನ್ನು ಕೇಳಿದರು. ಅವನು ಕೇಳಿಸಲಿಲ್ಲ ಎಂದರೂ ಸಾಕಿತ್ತು, ಡ್ರಮ್‌ಕೀಲ್ ಯೂರೋಪಿನಲ್ಲಿರುತ್ತಿತ್ತು. ಅವನ ಕಮಿಟಿಯ ಮೂವರು ಮುಂದಿನ ಸಾಲಿನಲ್ಲೇ ಕೂತು ಅವನನ್ನೇ ನೋಡುತ್ತಿದ್ದರು. ಫಿಂಟನ್ ನೆಲ ನೋಡಿದ, ಚಾವಣಿ ನೋಡಿದ, ಕೊನೆಗೆ ವಿನಿ ಇನ್ನೂ ಕೋಣೆಯಲ್ಲೇ ಮಲಗಿದ್ದಾಳೆ ಎನ್ನುವ ಹಾಗೆ ದನಿ ತಗ್ಗಿಸಿದ.

"ಕ್ಷಮ್ಸು ಕಾರ್ಮಕ್. ಅವನಂದ, 'ಮಿಸೆಸ್ ಫೀಹಿಲಿ, ಓಷಿನ್‌ನ ಬೆಲ್ಜಿಯಂಗೆ ಕಳ್ಸಿಬಿಡಿ, ನಮ್ಮಮ್ಮನಿಗೂ ಅದೇ ಇಷ್ಟ ಇತ್ತು.'"

"ಶ್ರೀಮತಿ ಫೀಹಿಲಿ ಏನಂದ್ರು?"

"'ನಿಮ್ಮಮ್ಮನಿಗೆ ಲೆಫ್ಟ್ ಬ್ಯಾಕ್ ಯಾರು ಅಂತಾನೇ ಗೊತ್ತಿರ್ಲಿಲ್ಲ. ಮೊದ್ಲು ಅವಳನ್ನ ಕಳ್ಸಿಕೊಡು ಮಗಾ, ಊರಿನ ಹುಡುಗರನ್ನ ಕಳ್ಸೋದು ನಿನ್ ಕೆಲಸ ಅಲ್ಲ ಈಗ.' ಆಮೇಲೆ ಬೇಜಾರಾಯ್ತು ಅಂದ್ಳು. ಆಮೇಲೆ ನನ್ ಸರದಿ."

"ಆ ಆಟಗಾರ ಆಮೇಲೆ ಬೆಲ್ಜಿಯಂಗೆ ಹೋದ್ನಾ?"

"ಇಲ್ಲ," ಎಂದ ಫಿಂಟನ್. "ಮುಂದಿನ ಶುಕ್ರವಾರ ನಮ್ ಮೇಲೇನೇ ಗೋಲ್ ಹೊಡೆದ."

ಹಳೆಯ ಒಡೆಯನ ಮಾತು ಈ ಕ್ಲಬ್ಬಿನಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ತಮ್ಮ ಮುಂದೆ ಬಂದಿಲ್ಲ ಎಂದು ಒಂದು ವಾರದ ಮೇಲೆ ತೀರ್ಪು ಬಂತು. ಕಿಲ್‌ಬ್ರಾನ್ ರೋವರ್ಸ್ ಅರ್ಹ. ಡ್ರಮ್‌ಕೀಲ್ ಕಮಿಟಿ ಫಿಂಟನ್ ಜೊತೆ ಮಾತು ಬಿಟ್ಟಿತು. ಕೆಲವು ವಾರ ಅವನು ಬಹಳ ಆರೋಗ್ಯವಾಗಿ ಕಂಡ.

ಜುಲೈನಲ್ಲಿ ಮೊದಲ ಪಂದ್ಯಕ್ಕೆ ಅಟ್ರಾಕ್ಟಾ ಲಾಟ್ವಿಯಾಕ್ಕೆ ಹೋದಳು. ಅಲ್ಲಿ ನಾಲ್ಕು ಗೋಲಿನಿಂದ ಸೋತೆವು. ಊಟ ಹೇಗಿತ್ತು ಎಂದರೆ, "ಆಲೂಗಡ್ಡೆ ಇತ್ತು" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ. ಅದೇ ತಂಡದ ಜೊತೆ ಎರಡನೇ ಪಂದ್ಯ ನಮ್ಮಲ್ಲಿ ನಡೆಯಬೇಕಿತ್ತು. ನಮ್ಮ ಮೈದಾನದ ದೀಪಗಳು ಯೂರೋಪಿಗೆ ಸಾಲದು ಎಂದಾಯಿತು. ಸಾಕಾಗುವಷ್ಟು ದೀಪಗಳಿದ್ದ ಹತ್ತಿರದ ಮೈದಾನ ಡ್ರಮ್‌ಕೀಲ್‌ನದು. ಹೀಗೆ ಕಿಲ್‌ಬ್ರಾನಿನ ಚರಿತ್ರೆಯ ಏಕೈಕ ಯೂರೋಪಿಯನ್ ಸಂಜೆ ನಡೆದದ್ದು ಶತ್ರುವಿನ ಬೆಳಕಿನಲ್ಲಿ. ಒಡೆಯರ ಸಾಲಿನಲ್ಲಿ ಅಟ್ರಾಕ್ಟಾ ಕೂತಿದ್ದಳು. ಕಾರ್ಮಕ್ ನಮ್ಮ ಜೊತೆ ಗೋಲಿನ ಹಿಂದೆ ನಿಂತಿದ್ದ. ಓಷಿನ್ ಒಂದು ಗೋಲು ಹೊಡೆದ. ಲಾಟ್ವಿಯಾದವರು ಮೂರು ಹೊಡೆದರು.

ಸೀಟಿ ಊದಿದ ಮೇಲೆ ಅಟ್ರಾಕ್ಟಾ ಎದ್ದು ಮೆಟ್ಟಿಲ ಬುಡದಲ್ಲಿ ನಿಂತಳು. ಯಾರೂ ಹೇಳದೆ ನಮ್ಮವರು ಅವಳೆದುರು ಸಾಲಾದರು. ಮೊದಲು ಬಂದವನು ಫಿಂಟನ್ ಟ್ಯಾಫ್, ಅವನ ಮೈದಾನ, ಅವನ ಹಕ್ಕು. ಟೋಪಿ ತೆಗೆದು ಅವಳ ಕೈ ಹಿಡಿದ.

"ನಿನ್ಗೆ ಬಂದ ಕಷ್ಟಕ್ಕೆ ಬೇಜಾರಾಯ್ತು, ಅಟ್ರಾಕ್ಟಾ."

"ಗೊತ್ತು ಫಿಂಟನ್. ಬಂದಿದ್ದು ಒಳ್ಳೇದಾಯ್ತು."

ಅವನ ಹಿಂದೆ ಒಬ್ಬೊಬ್ಬರಾಗಿ ಸಾಲು ಸರಿಯಿತು. ಕೊನೆಯಲ್ಲಿ ಕಾರ್ಮಕ್ ಡರ್ಕಿನ್. ಸ್ಪರ್ಧೆಯಿಂದ ನಾವು ಆಗಲೇ ಹೊರಬಿದ್ದಿದ್ದೆವು. ಷೇರು ಇನ್ನೂ ಅವಳ ಕೈಯಲ್ಲೇ ಇತ್ತು. ಅವನು ಆ ಕೈಯನ್ನೇ ಹಿಡಿದ, ಬಗ್ಗಿದ, ಬಾಯಿ ತೆರೆದ. ಅಟ್ರಾಕ್ಟಾ ಅವನನ್ನು ಬಿಷಪ್ಪರ ಕಾರನ್ನು ನೋಡಿದ ಹಾಗೆ ನೋಡಿದಳು.

"ಬೇಜಾರಾಯ್ತು, ಮಿಸೆಸ್ ಫೀಹಿಲಿ," ಎಂದಷ್ಟೇ ಹೇಳಿ ಅವನು ಮುಂದೆ ಹೋದ.