ಟ್ಯೂಬ್‌ಲೈಟ್ ಇಲ್ಲದ ಮನೆ

ಕೆಲವು ವಾರಗಳಿಂದ ನಮ್ಮ ಮಹಡಿಯ ತುಂಬ ಮರದ ಪಾಲಿಶ್‌ನ ವಾಸನೆ. ಎದುರುಮನೆ ಕೊಂಡವರು ಒಳಗೆಲ್ಲ ಹೊಸದಾಗಿ ಮಾಡಿಸುತ್ತಿದ್ದಾರೆ. ಬಾಗಿಲು ಹಾಕಿದರೂ ವಾಸನೆ ಸಂದಿಯಿಂದ ನುಸುಳಿ ಅಡುಗೆಮನೆಯವರೆಗೆ ಬರುತ್ತದೆ, ಸಾರಿನ ಒಗ್ಗರಣೆಯನ್ನೂ ಮೀರಿಸುತ್ತದೆ. ಆ ವಾಸನೆ ಬಂದಾಗಲೆಲ್ಲ ನನಗೆ ಮೊದಲು ಆ ಮನೆಯಲ್ಲಿದ್ದ ವೈನಿ ನೆನಪಾಗುತ್ತಾರೆ.

ಅವರು ಧಾರವಾಡದ ಕಡೆಯವರು. ಅತ್ತಿಗೆಗೆ ಅವರ ಕಡೆ ವೈನಿ ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಮರಾಠಿಯವರಿಗೂ ಅದು ಗೊತ್ತಿರುವ ಮಾತೇ. ಹಾಗಾಗಿ ಎಲ್ಲರಿಗೂ ಅವರು ವೈನಿಯೇ ಆಗಿದ್ದರು. ನಾವು ತುಮಕೂರಿನ ಕಡೆಯಿಂದ ಬಂದವರು, ಮುಲುಂಡ್‌ನಲ್ಲಿ ನೆಲೆ ನಿಂತವರು. ಅವರದೂ ನಮ್ಮದೂ ಒಂದೇ ಅಳತೆಯ ಮನೆ. ಅಷ್ಟೇ ದೊಡ್ಡ ಹಾಲ್, ಅಷ್ಟೇ ಇಕ್ಕಟ್ಟಾದ ಅಡುಗೆಮನೆ. ಅದೇ ನನ್ನ ಸಂಕಟ. ಅವರದು ದೊಡ್ಡ ಮನೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ...

ನಮ್ಮ ಹಾಲ್‌ನಲ್ಲಿ ಎಲ್ಲರ ಮನೆಯಲ್ಲಿ ಇರುವುದೆಲ್ಲ ಇತ್ತು. ಗಾಜಿನ ಷೋಕೇಸು, ಅದರೊಳಗೆ ಮದುವೆಗೆ ಬಂದ ಗೊಂಬೆಗಳು, ದಿವಾನ, ಫ್ಯಾನ್ ಹಾಕಿದರೆ ಪಟಪಟ ಎನ್ನುವ ಕ್ಯಾಲೆಂಡರು, ಟ್ಯೂಬ್‌ಲೈಟು. ವೈನಿಯ ಹಾಲ್‌ನಲ್ಲಿ ಟ್ಯೂಬ್‌ಲೈಟೇ ಇರಲಿಲ್ಲ. ಮೊದಲ ಸಲ ಹೋದಾಗ ಕರೆಂಟು ಹೋಗಿದೆ ಎಂದುಕೊಂಡಿದ್ದೆ. ಊಟದ ಮೇಜಿನ ಮೇಲೆ ಒಂದು ದೀಪ ಉದ್ದನೆಯ ವೈರಿನಿಂದ ತೀರ ಕೆಳಗೆ ಇಳಿಬಿದ್ದಿತ್ತು. ಹೊರಗೆ ಮಸಿಯಂಥ ಕಪ್ಪು, ಒಳಗೆ ಹಿತ್ತಾಳೆಯ ಬಣ್ಣ, ಬೋರಲು ಹಾಕಿದ ದೊಡ್ಡ ಬೋಗುಣಿಯ ಹಾಗೆ. ಬೆಳಕು ಮೇಜಿನ ಮೇಲೆ ಮಾತ್ರ ಬೀಳುತ್ತಿತ್ತು. ಆ ಬೆಳಕಿನಲ್ಲಿ ಇಟ್ಟ ಅವಲಕ್ಕಿಯ ತಟ್ಟೆಯೂ ಏನೋ ವಿಶೇಷದ ವಸ್ತುವಿನಂತೆ ಕಾಣುತ್ತಿತ್ತು. ಒಂದು ಗೋಡೆಗೆ ಗಾಢ ಹಸಿರು ಬಣ್ಣ, ಅದರ ಮೇಲೆ ಒಂದು ಮೊಳೆಯೂ ಇಲ್ಲ. ಅದರ ಮುಂದೆ ಒಂದೇ ಹಲಗೆಯನ್ನು ಬಗ್ಗಿಸಿ ಮಾಡಿದ ಕುರ್ಚಿ. ಬೂದು ಬಣ್ಣದ, ಎಲ್ ಆಕಾರದ, ತಗ್ಗಾದ ಸೋಫಾ, ಅದಕ್ಕೆ ಬೆರಳಿನಷ್ಟು ಸಣ್ಣ ಕಬ್ಬಿಣದ ಕಾಲುಗಳು. ಅಷ್ಟೇ. ಉಳಿದದ್ದೆಲ್ಲ ಖಾಲಿ. ಆ ಖಾಲಿ ಜಾಗ ನೋಡಿಯೇ ನನಗೆ ಹೆಚ್ಚು ಹೊಟ್ಟೆ ಉರಿಯುತ್ತಿತ್ತು.

ಶ್ರಾವಣದಲ್ಲಿ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವರು ತಾಂಬೂಲ ಕೈಗೆ ಬಿದ್ದ ತಕ್ಷಣ, “ಎದುರುಮನೆಯವರು ಇದ್ದಾರಾ? ಆ ದೀಪ ನೋಡ್ಬೇಕಿತ್ತು” ಎನ್ನುತ್ತಿದ್ದರು. ನಾನೇ ಕರೆದುಕೊಂಡು ಹೋಗಿ ತೋರಿಸಬೇಕು, ನಗುತ್ತ. ಹೊಸ ಪರದೆ ಹಾಕಿದರೆ ಎರಡು ತಿಂಗಳಾದರೂ ಗಮನಿಸದ ನನ್ನ ಯಜಮಾನರು, ಒಮ್ಮೆ ಅಲ್ಲಿ ಚಹಾ ಕುಡಿದು ಬಂದು, “ಅಲ್ಲಿ ಕೂತ್ರೆ ಎದ್ದು ಬರೋಕೇ ಮನಸ್ಸಾಗಲ್ಲ ಕಣೇ” ಎಂದರು.

“ಹಾಗಾದ್ರೆ ಅಲ್ಲೇ ಇದ್ದುಬಿಡಿ. ಊಟದ ಡಬ್ಬಿ ಅಲ್ಲಿಗೇ ಕಳಿಸ್ತೀನಿ” ಎಂದೆ.

ಆ ದೀಪಾವಳಿಗೆ ನಾನೂ ಅಂಥದೇ ಸೋಫಾ ಮಾಡಿಸಿದೆ. ವೈನಿಯ ಹತ್ತಿರ ಮಾತಾಡುತ್ತ ಕೂತು, ಬಟ್ಟೆ ಎಷ್ಟು ಮೆತ್ತಗಿದೆ ಎಂದು ಸವರುವ ನೆಪದಲ್ಲಿ ಗೇಣು ಹಾಕಿ ಅಳತೆ ತೆಗೆದುಕೊಂಡೆ. ಅವರು ಚಹಾ ತರಲು ಒಳಗೆ ಹೋದಾಗ ಫೋನಿನಲ್ಲಿ ಒಂದು ಫೋಟೊ. ಕುರ್ಲಾದ ಸೋಫಾ ಮಾಡುವವನು ಫೋಟೊ ನೋಡಿ, “ಎಲ್ ಕಿಸ್ ಸೈಡ್ ಚಾಹಿಯೇ, ಲೆಫ್ಟ್ ಯಾ ರೈಟ್?” ಎಂದು ಕೇಳಿದ. “ಫೋಟೊ ಮೇ ಜೈಸಾ ಹೈ, ಸೇಮ್ ಟು ಸೇಮ್” ಎಂದೆ.

ಎದುರುಬದುರು ಮನೆಗಳು ಒಂದರ ಎಡ ಇನ್ನೊಂದರ ಬಲವಾಗಿ ಕಟ್ಟಿರುತ್ತವೆ ಎಂಬುದು ಅಷ್ಟು ವರ್ಷ ಅಲ್ಲಿದ್ದ ನನಗೆ ಹೊಳೆಯಲೇ ಇಲ್ಲ. ಲಿಫ್ಟಿಗೆ ಹಿಡಿಸದ ಸೋಫಾವನ್ನು ಮೆಟ್ಟಿಲು ಹತ್ತಿಸಿ ತಂದು ಇಟ್ಟಾಗ ಅದರ ಚಿಕ್ಕ ತೋಳು ಸರಿಯಾಗಿ ಬಾಲ್ಕನಿಯ ಬಾಗಿಲಿಗೆ ಅಡ್ಡ ಬಂದಿತು. ಬಟ್ಟೆ ಒಣಹಾಕಲು ಸೀರೆ ಎತ್ತಿಕಟ್ಟಿ ಸೋಫಾ ಹತ್ತಿ ಇಳಿಯಬೇಕು. “ಬಾಲ್ಕನಿಗೆ ಹೋಗೋಕೆ ಇನ್ಮೇಲೆ ಟಿಕೆಟ್ ತಗೋಬೇಕಾ?” ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ವೈನಿ ನೋಡಿಬಿಟ್ಟರೆ ಎಂಬ ಒಂದೇ ಭಯ. ನಮ್ಮ ಮಹಡಿಯಲ್ಲಿ ಸಂಜೆಯವರೆಗೂ ಬಾಗಿಲುಗಳು ತೆರೆದೇ ಇರುತ್ತಿದ್ದವು. ನಾನು ಮುಚ್ಚಿಕೊಂಡು ಕೂತೆ.

ಒಂದು ಸಂಜೆ ಅವರೇ ಬಂದು ಬಾಗಿಲು ತಟ್ಟಿದರು. “ಏನ್ರೀ, ಬಾಗಲಾ ಹಾಕ್ಕೊಂಡ್ ಕುಂತೀರಿ, ನಾಕ್ ದಿನಾ ಆತು ಮಾರೀನ ತೋರಸವಲ್ರಿ. ಸಿಟ್ಟೇನು?”

ತೆರೆಯದೆ ಬೇರೆ ದಾರಿ ಇರಲಿಲ್ಲ. ಅವರು ಹೊಸಿಲಲ್ಲೇ ನಿಂತು ಸೋಫಾ ನೋಡಿದರು, ಬಾಲ್ಕನಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಅಳತಿ ಅಂತೂ ಬರೋಬ್ಬರಿ ತಗೊಂಡೀರಿ. ಅವತ್ತ ನೀವು ಗೇಣ್ ಹಾಕೋದು ನಾ ನೋಡೀನ್ರಿ! ಕೇಳಿದ್ರ ಟೇಪ್ ಕೊಡ್ತಿದ್ನೆಲ್ಲ?”

ನನಗೆ ನೆಲ ಬಾಯ್ದೆರೆಯಬಾರದೇ ಅನ್ನಿಸಿತು. ಅವರು ಮಾತ್ರ ಸೆರಗು ಸಿಕ್ಕಿಸಿಕೊಂಡು, “ಏಳ್ರಿ, ಒಂದ್ ಕೈ ಹಚ್ಚ್ರಿ” ಎಂದು ಸೋಫಾದ ಕೆಳಗೆ ಕೈಹಾಕಿ ಕೊಕ್ಕೆ ಬಿಡಿಸಿದರು. ಎರಡು ತುಂಡನ್ನು ಹೀಗೆ ಬಿಡಿಸಿ ಬೇರೆ ಬೇರೆ ಇಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಉದ್ದನೆಯ ತುಂಡನ್ನು ಎಡಗೋಡೆಗೆ ಸರಿಸಿದೆವು, ಚಿಕ್ಕದನ್ನು ಕಿಟಕಿಯ ಕೆಳಗೆ. ಷೋಕೇಸು ಒಳಕೋಣೆಗೆ ಹೋಯಿತು. ಕ್ಯಾಲೆಂಡರನ್ನು ಅವರೇ ಕಿತ್ತು ನನ್ನ ಕೈಗಿತ್ತರು. ಹಗಲಲ್ಲೂ ಉರಿಯುತ್ತಿದ್ದ ಟ್ಯೂಬ್‌ಲೈಟು ಆರಿಸಿದರು.

ನಮ್ಮ ಕಿಟಕಿ ಪಶ್ಚಿಮಕ್ಕಿದೆ. ಇಷ್ಟು ದಿನ ಅದಕ್ಕೆ ದಪ್ಪ ಪರದೆ ಬಿಟ್ಟಿರುತ್ತಿದ್ದೆ. ವೈನಿ ಅದನ್ನು ಸರಕ್ಕನೆ ಸರಿಸಿದರು. ಇಳಿಬಿಸಿಲು ಬೂದು ಬಟ್ಟೆಯ ಮೇಲೆ ಉದ್ದಕ್ಕೆ ಬಂದು ಬಿದ್ದಿತು. ಖಾಲಿಯಾದ ಗೋಡೆ ಜೇನಿನ ಬಣ್ಣಕ್ಕೆ ತಿರುಗಿತು. ಕೋಣೆ ನಮ್ಮದು ಎಂದು ನಂಬಲಾಗಲಿಲ್ಲ. ಅವರು ಕಿಟಕಿಯ ಬಳಿ ಕೂತರು. ಬಿಸಿಲು ಬಿದ್ದ ಬಟ್ಟೆಯ ಮೇಲೆ ಅಂಗೈ ಸವರಿದರು.

“ಇಂಥಾ ಬೆಳಕು ನಮ್ಮ ಮನ್ಯಾಗ ಇಲ್ರಿ,” ಎಂದರು. “ಎಷ್ಟ್ ದೀಪಾ ತಂದ್ರೂ ಬರಂಗಿಲ್ಲ.”

ಆಗ ಅವರ ಮುಖದಲ್ಲಿ ಇದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ಅದು ನನ್ನ ಮುಖದಲ್ಲಿತ್ತು. ನನಗೆ ಮರುಕ ಬರಲಿಲ್ಲ, ಸಂತೋಷವಾಯಿತು. ಅಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ, ಅಷ್ಟು ಸಂತೋಷ.

ಆಮೇಲೆ ಅವರು ಹೆಚ್ಚುಕಡಿಮೆ ದಿನವೂ ಬರತೊಡಗಿದರು, ತಮ್ಮ ಚಹಾ ತಾವೇ ಹಿಡಿದುಕೊಂಡು. ನನ್ನ ಹೊಟ್ಟೆಕಿಚ್ಚು ಅಷ್ಟಕ್ಕೇ ತಣ್ಣಗಾಗಲಿಲ್ಲ. ನನ್ನದೇ ಮನೆಯಲ್ಲಿ ಕಿಟಕಿಯ ಬಳಿಯ ಒಳ್ಳೆಯ ಜಾಗ ಅವರಿಗೇ ಸಿಗುತ್ತಿತ್ತಲ್ಲ! ಯಾರಾದರೂ ಬಂದು ಮನೆ ಹೊಗಳಿದರೆ ಅವರು ಅಲ್ಲಿಂದಲೇ, “ಹೇಳ್ರಿ, ಯಾರು ಮಾಡಿದ್ದಂತ ಖರೇ ಹೇಳ್ರಿ” ಎಂದು ಕೆಣಕುತ್ತಿದ್ದರು. ನಾನು ಕೇಳಿಸದವಳ ಹಾಗೆ ಬಿಸ್ಕತ್ತು ತರಲು ಹೋಗುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವರಿಗೆ ಮೈ ಸರಿಯಿಲ್ಲದಾಯಿತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ... ನೋಡಲು ಹೋದಾಗ ವಾರ್ಡಿನ ದೀಪಗಳತ್ತ ಮೂಗು ಮುರಿದು, “ಇಂಥಾ ಬೆಳಕಿನ್ಯಾಗ ಯಾರ್ ಆರಾಮಾಗ್ತಾರ್ರೀ?” ಎಂದಿದ್ದರು. ಮರಳಿ ಬರಲಿಲ್ಲ. ಅವರ ಯಜಮಾನರು ಮನೆ ಮಾರಿ ಪುಣೆಯಲ್ಲಿರುವ ಮಗಳ ಹತ್ತಿರ ಹೋದರು. ಆ ದೀಪವನ್ನು ಬಿಚ್ಚಿ ಹಳೆಯ ಕಂಬಳಿಯಲ್ಲಿ ಸುತ್ತಿ ಇಳಿಸುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅದು ಮಗಳ ಪಾಲಿಗೆ ಹೋಯಿತು ಎಂದು ಆಗಲೂ ಸ್ವಲ್ಪ ಹೊಟ್ಟೆ ಉರಿಯಿತು.

ಮೊನ್ನೆ ಎದುರುಮನೆ ಕೊಂಡ ಹುಡುಗಿ ಬಂದಿದ್ದಳು, ಕೆಲಸದ ಸದ್ದಿಗೆ ಕ್ಷಮೆ ಕೇಳಲು. ಸಂಜೆಯ ಹೊತ್ತು. ಒಳಗೆ ಕಾಲಿಟ್ಟವಳು ನಿಂತುಬಿಟ್ಟಳು. “ಆಂಟಿ, ಕಿತನಾ ಸುಂದರ್ ಹೈ! ಯೇ ಕಿಸ್ನೇ ಡಿಸೈನ್ ಕಿಯಾ?”

“ಮೈನೇ,” ಎಂದೆ. “ಸಬ್ ಮೈನೇ ಕಿಯಾ.”

ಎಲ್ಲ ನಾನೇ ಮಾಡಿದ್ದು ಎಂದು ಹೇಳಿ, ವೈನಿ ಕೂರುತ್ತಿದ್ದ ಕಿಟಕಿಯ ಕಡೆ ನೋಡಿದೆ. ಹುಡುಗಿ ಮೆಚ್ಚಿ ತಲೆಯಾಡಿಸಿದಳು. ಯಾರೂ ಅಲ್ಲಗಳೆಯಲಿಲ್ಲ.